ಜೊತೆಯಾಟದ ವಿದ್ಯೆ: ರೋಹನ್ ಬೋಪಣ್ಣ

ಸಿಂಗಲ್ಸ್‌ನಲ್ಲಿ ಗೆಲ್ಲಲಾಗದವರು ಡಬಲ್ಸ್ ಆಡುತ್ತಾರೆ ಎಂಬ ಮಾತು ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಸರಿಯಲ್ಲ ಎನ್ನಲು ಕೊಡಗಿನ ರೋಹನ್ ಬೋಪಣ್ಣ ಅವರ ಆಟವೇ ಸಾಕ್ಷಿ.

ಅವರು ಕಾಫಿ ತೋಟದ ಮನೆಯ ಹುಡುಗ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದನ್ನು, ದಮ್ಮು ಹೆಚ್ಚಲೆಂದು ತೋಟಗಳ ನಡುವೆ ಓಡಿದ್ದನ್ನು ನಿವೃತ್ತಿ ಹೊತ್ತಿನಲ್ಲಿ ಅವರೇ ನೆನೆದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ, ಬ್ರಯಾನ್ ಸೋದರರಿಗೆ ಎರಡು ಸೆಟ್‌ಗಳನ್ನೂ ಟೈಬ್ರೇಕರ್‌ನಲ್ಲಿ ಸೋತರು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್ ಗ್ರ್ಯಾನ್‌ಸ್ಲಾಮ್ ಒಲಿದದ್ದು 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಯಲ್ಲಿ. ಆಗ ವಯಸ್ಸು 43. ಅದರ ಬೆನ್ನಿಗೇ ವಿಶ್ವದ ಒಂದನೇ ಸ್ಥಾನವೂ ಬಂತು. ಸವೆದ ಮಂಡಿಗಳನ್ನು ಅಯ್ಯಂಗಾರ್ ಯೋಗದಿಂದ ಕಾಪಾಡಿಕೊಂಡೇ ಅವರು ಅಲ್ಲಿಯವರೆಗೆ ನಡೆದರು.

ಆ ವಯಸ್ಸಿನಲ್ಲಿ ಇದು ಸಾಧ್ಯವಾದದ್ದು ತೋಳ್ಬಲವೊಂದರಿಂದಲ್ಲ. ಡಬಲ್ಸ್ ಪಂದ್ಯವನ್ನು ಹತ್ತಿರದಿಂದ ನೋಡಿ. ನೆಟ್ ಬಳಿ ನಿಂತ ಜೊತೆಗಾರ ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡುತ್ತಾನೆ: ಅಡ್ಡ ಹಾಯುತ್ತೇನೆ, ಇಲ್ಲವೇ ಇಲ್ಲೇ ನಿಲ್ಲುತ್ತೇನೆ. ಅವನು ಹಾಯ್ದರೆ, ಸರ್ವ್ ಮಾಡಿದವನು ತೆರವಾದ ಬದಿಗೆ ಆ ಕ್ಷಣವೇ ಓಡಬೇಕು. ಎಟಿಪಿ ಟೂರ್‌ನ ಡಬಲ್ಸ್‌ನಲ್ಲಿ 40-40 ಆದರೆ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ. ಇಬ್ಬರಲ್ಲಿ ಒಬ್ಬನು ಅರೆಗಳಿಗೆ ಅನುಮಾನಿಸಿದರೂ ಗೇಮ್ ಕೈಬಿಟ್ಟಂತೆ. ಎದುರಾಳಿಯ ಹೊಡೆತವನ್ನು ಮುಂಚೆಯೇ ಊಹಿಸುವುದು, ಜೊತೆಗಾರನ ಮನಸ್ಸು ಓದುವುದು, ಅವನು ತಪ್ಪಿದಾಗ ಮುಖ ಸಿಂಡರಿಸದಿರುವುದು ವರ್ಷಗಟ್ಟಲೆ ಆಡಿ ಕಲಿಯುವ ವಿದ್ಯೆ.

ಕಲಿತದ್ದನ್ನು ಕಲಿಸದಿದ್ದರೆ ಅದು ಆಟಗಾರನೊಂದಿಗೇ ಮುಗಿಯುತ್ತದೆ. ಬೋಪಣ್ಣ ಇದನ್ನು ಬಲ್ಲರು. 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸುವ ಎಷ್ಟೋ ಮೊದಲೇ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿ ಆರಂಭಿಸಿದ್ದರು. ಚಿಕ್ಕಂದಿನಲ್ಲಿ ತಮಗೆ ಸಿಗದ ಸೌಲಭ್ಯ ಇಂದಿನ ಮಕ್ಕಳಿಗೆ ಸಿಗಲಿ ಎಂಬುದು ಅವರ ಆಸೆ.

ಒಂದು ಸಂಗತಿ ಮರೆಯಬಾರದು. ಪೇಸ್, ಭೂಪತಿ, ಸಾನಿಯಾ, ಬೋಪಣ್ಣ: ಹಿರಿಯರ ವಿಭಾಗದಲ್ಲಿ ಭಾರತೀಯರು ಗೆದ್ದ ಗ್ರ್ಯಾನ್‌ಸ್ಲಾಮ್‌ಗಳೆಲ್ಲ ಡಬಲ್ಸ್‌ನವೇ. ಆದರೂ ನಮ್ಮ ಎಷ್ಟೋ ತರಬೇತಿ ಅಂಕಣಗಳಲ್ಲಿ ಡಬಲ್ಸ್ ಎಂದರೆ ಅಭ್ಯಾಸದ ಕೊನೆಗೆ ಉಳಿದ ಹತ್ತು ನಿಮಿಷ. ಇಲ್ಲಿರುವ ತಂದೆತಾಯಂದಿರಲ್ಲಿ, ತರಬೇತುದಾರರಲ್ಲಿ ನನ್ನ ವಿನಂತಿ ಇಷ್ಟೇ: ಮಕ್ಕಳಿಗೆ ಡಬಲ್ಸನ್ನೂ ಮೊದಲಿನಿಂದಲೇ, ಪೂರ್ತಿ ಪಾಠವಾಗಿ ಕಲಿಸಿ.