ಹೆಸರುಳ್ಳ ಮುಖಗಳು



ಭಾವಚಿತ್ರವೆಂಬುದು ಕೇವಲ ಮುಖದ ನೆರಳಲ್ಲ. ತಾನು ಇಂಥವನೆಂದು ಮನುಷ್ಯನು ಲೋಕಕ್ಕೆ ಹೇಳಿಕೊಳ್ಳುವ ಮಾತು. ಪಶ್ಚಿಮ ಆಫ್ರಿಕದ ಒಂದು ನಿದರ್ಶನದಿಂದ ಇದನ್ನು ತಮ್ಮ ಮುಂದಿಡಲು ನಾವು ಬಯಸುತ್ತೇವೆ.

ಇಂದಿನ ಮಾಲಿ ದೇಶವು 1960ರವರೆಗೆ ಫ್ರೆಂಚರ ಅಧೀನದಲ್ಲಿತ್ತು. ಐರೋಪ್ಯರು ಅಚ್ಚುಮಾಡಿಸಿದ ಅಂಚೆ ಕಾರ್ಡುಗಳಲ್ಲಿ ಆಫ್ರಿಕದ ಜನರ ಚಿತ್ರಗಳು ಹೇರಳವಾಗಿದ್ದವು. ಆದರೆ ಅವುಗಳ ಕೆಳಗೆ ವ್ಯಕ್ತಿಯ ಹೆಸರು ಅಪರೂಪ. ಇಂಥ ಕುಲದ ಹೆಂಗಸು, ಇಂಥ ಪಂಗಡದ ಗಂಡಸು ಎಂಬ ಒಕ್ಕಣೆಯೇ ಹೆಚ್ಚು. ಮನುಷ್ಯನು ಅಲ್ಲಿ ಮನುಷ್ಯನಾಗಿರಲಿಲ್ಲ, ಮಾದರಿಯಾಗಿದ್ದನು.

ಇದಕ್ಕೆ ಉತ್ತರವೋ ಎಂಬಂತೆ, ಬಡಗಿಯ ಕೆಲಸವನ್ನು ಕಲಿತಿದ್ದ ಸೇದು ಕೇಯ್ತಾ ಅವರು 1948ರಲ್ಲಿ ಬಮಾಕೊ ನಗರದಲ್ಲಿ ತಮ್ಮ ಸ್ಟುಡಿಯೋವನ್ನು ತೆರೆದರು. ಹಗಲಿನ ಬೆಳಕೇ ಅವರ ದೀಪ. ಹಾಸಿಗೆಯ ಹೊದಿಕೆಯೇ ಮೊದಲ ಹಿನ್ನೆಲೆಯ ಪರದೆ. ಖರ್ಚಿನ ದೃಷ್ಟಿಯಿಂದ ಸಾಮಾನ್ಯವಾಗಿ ಒಂದೇ ಒಂದು ಚಿತ್ರವನ್ನು ತೆಗೆಯುತ್ತಿದ್ದರು. ಹೆಂಗಸರು ದೊಡ್ಡ ಹೂಬಳ್ಳಿಗಳ ಉಡುಪು, ಆಭರಣಗಳನ್ನು ಧರಿಸಿ ಬರುತ್ತಿದ್ದರು. ಇಲ್ಲದವರಿಗೆ ಕೇಯ್ತಾ ಅವರು ಕೈಗಡಿಯಾರ, ಲೇಖನಿ, ರೇಡಿಯೋ, ಐರೋಪ್ಯ ಉಡುಪುಗಳನ್ನು ಕೊಡುತ್ತಿದ್ದರು.

ಎರವಲಿನ ಗಡಿಯಾರವು ಸುಳ್ಳಲ್ಲವೇ ಎಂದು ಕೇಳಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯ. ಮನುಷ್ಯನ ಸ್ವರೂಪದಲ್ಲಿ ಅವನಿಗಿರುವುದು ಮಾತ್ರವಲ್ಲ, ಅವನು ಹಂಬಲಿಸುವುದೂ ಸೇರಿದೆ. ಹಿರಿಯರ ಉಡುಗೆಯೂ ಹೊಸಕಾಲದ ರೇಡಿಯೋವೂ ಒಂದೇ ಚಿತ್ರದಲ್ಲಿ ಜಗಳವಿಲ್ಲದೆ ಕೂಡಿಬಂದವು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬರಮಾಡಿಕೊಳ್ಳಬೇಕು ಎಂಬುದನ್ನು ಆಳುವವನಲ್ಲ, ಕುಳಿತವನೇ ನಿರ್ಧರಿಸಿದನು.

1962ರಲ್ಲಿ ಕೇಯ್ತಾ ಅವರು ಸ್ವತಂತ್ರ ಮಾಲಿಯ ಸರಕಾರೀ ಛಾಯಾಗ್ರಾಹಕರಾದರು, ಸ್ಟುಡಿಯೋ ಮುಚ್ಚಿತು. ಸಾವಿರಾರು ನೆಗೆಟಿವ್‌ಗಳನ್ನು ಮಾತ್ರ ಅವರು ಜೋಪಾನವಾಗಿ ಕಾದಿಟ್ಟರು. 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಅವರ ಕೆಲವು ಚಿತ್ರಗಳು ಕಾಣಿಸಿಕೊಂಡಾಗ, ತೆಗೆದವರು ಅಜ್ಞಾತರೆಂದು ಬರೆದಿತ್ತು! ಅನಂತರ ಅವರನ್ನು ಹುಡುಕಿ ಬಮಾಕೊಗೆ ಬಂದರು. 1994ರಲ್ಲಿ ಪ್ಯಾರಿಸಿನಲ್ಲಿ ಅವರದೇ ಚಿತ್ರಗಳ ಪ್ರದರ್ಶನ ನಡೆಯಿತು. ಅವರು 2001ರಲ್ಲಿ ತೀರಿಕೊಂಡರು.

ಕಲಾವಿದರಿಗೆ ಹೆಸರು ಮರಳಿತು. ಆದರೆ ಆ ಚಿತ್ರಗಳಲ್ಲಿ ತಲೆಯೆತ್ತಿ ಕುಳಿತ ತಾಯಂದಿರು, ತರುಣರು, ಮಕ್ಕಳು—ಇವರಲ್ಲಿ ಹೆಚ್ಚಿನವರ ಹೆಸರು ಇಂದಿಗೂ ಲೋಕಕ್ಕೆ ತಿಳಿಯದು. ಮುಖ ಉಳಿದರೂ ಹೆಸರು ಅಳಿದರೆ, ಆ ಮಾತು ಅರ್ಧಕ್ಕೇ ನಿಂತಂತೆ.

ಆದುದರಿಂದ ನಮ್ಮದೊಂದು ವಿನಂತಿ. ತಮ್ಮ ಮನೆಯ ಗೋಡೆಯ ಮೇಲೆ ಹಿರಿಯರ ಚಿತ್ರಗಳಿರಬಹುದು. ಗುರುತಿಸಬಲ್ಲವರು ನಮ್ಮೊಡನಿರುವಾಗಲೇ ಕೇಳಿ ತಿಳಿದು, ಚಿತ್ರದ ಹಿಂದೆ ಅವರ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಬರೆದಿಡಿರಿ.