ಚಳಿಗಾಲದಲ್ಲಿ ಕೋಳಿಗೂಡಿನ ತೇವವೂ ಗಾಳಿಯ ಸಂಚಾರವೂ



ಮಲೆನಾಡಿನಲ್ಲಿಯೂ ಅದರ ಅಂಚಿನ ಸೀಮೆಗಳಲ್ಲಿಯೂ ಮಾರ್ಗಶಿರ ಮಾಸವು ಹುಟ್ಟಿತೆಂದರೆ ಅನೇಕ ಮನೆಗಳಲ್ಲಿ ಒಂದು ಕೆಲಸವು ತಪ್ಪದೆ ನಡೆಯುವುದು. ಕೋಳಿಗೂಡಿನ ಕಿಂಡಿಗಳಿಗೆ ಹಳೆಯ ಗೋಣಿಯನ್ನು ತುರುಕಿ, ಬಿರುಕುಗಳಿಗೆ ಸಗಣಿಮಣ್ಣನ್ನು ಮೆತ್ತುವರು. "ಚಳಿಗೆ ಸತ್ತುಹೋದಾವು, ಸಂದಿಯೆಲ್ಲಾ ಮುಚ್ಚಪ್ಪಾ" ಎಂದು ಮನೆಯ ಹಿರಿಯಳು ಹೇಳುವಳು, ಮಗನು ಮುಚ್ಚುವನು. ಹದಿನೈದು ದಿನಗಳೊಳಗೆ ಕೋಳಿಗಳ ಕಣ್ಣಿನಲ್ಲಿ ನೀರು ಕಾಣುವುದು. ಪುಷ್ಯಮಾಸದ ವೇಳೆಗೆ ಸೀನು, ಗೊರಗೊರ ಉಸಿರು. ಅನಂತರ ಒಂದೆರಡು ಸಾಯುವುವು. ಚಳಿಯೇ ಕೊಂದಿತೆಂದು ತಿಳಿದು ಉಳಿದ ಸಂದಿಯನ್ನೂ ಮುಚ್ಚುವರು. ಕೋಳಿಯ ಹಣವು ಬಹುಮಟ್ಟಿಗೆ ಹೆಂಗಸರ ಕೈಹಣವಾದ್ದರಿಂದ ಯಜಮಾನನ ಲೆಕ್ಕದಲ್ಲಿ ಈ ನಷ್ಟವು ಏರುವುದೇ ಇಲ್ಲ. ಆದರೆ ಮನೆಯ ಉಪ್ಪುಎಣ್ಣೆಗೆ ಅದು ತಟ್ಟದೆ ಇರದು.

ವಾಸ್ತವವಾಗಿ ಬೆಳೆದ ಕೋಳಿಗೆ ನಮ್ಮ ದೇಶದ ಚಳಿಯಿಂದ ಅಷ್ಟು ಭಯವಿಲ್ಲ. ಅದರ ಮೈಯ ಶಾಖವು ಸುಮಾರು 41 ಡಿಗ್ರಿ. ಗರಿಗಳನ್ನು ಉಬ್ಬಿಸಿ, ನಡುವೆ ಗಾಳಿಯನ್ನು ಹಿಡಿದು, ಕಂಬಳಿ ಹೊದ್ದಂತೆ ಕುಳಿತುಕೊಳ್ಳುವ ಉಪಾಯವು ಅದಕ್ಕೆ ಹುಟ್ಟಿನಿಂದಲೇ ಬಂದುದು. ಆದರೆ ಗರಿಯು ಒಣಗಿರಬೇಕು. ತೇವವೇ ಇಲ್ಲಿನ ಶತ್ರು.

ಈ ತೇವವು ಎಲ್ಲಿಂದ ಬರುವುದು? ಹೊರಗಿನಿಂದಲ್ಲ, ಬಹುಪಾಲು ಕೋಳಿಯಿಂದಲೇ. ಒಂದು ಕೋಳಿಯು ತಾನು ತಿನ್ನುವ ಕಾಳಿನ ಎರಡರಷ್ಟು ತೂಕದ ನೀರನ್ನು ಕುಡಿಯುವುದು. 50 ಕೋಳಿಗಳಿದ್ದರೆ ದಿನಕ್ಕೆ 10 ಅಥವಾ 12 ಲೀಟರ್, ಅಂದರೆ ಹೆಚ್ಚುಕಡಮೆ ಒಂದು ಕೊಡ. ಮೊಟ್ಟೆಯೊಳಗೆ ಸೇರುವ ಅಲ್ಪಭಾಗವನ್ನು ಬಿಟ್ಟರೆ, ಇದರ ಬಹುಪಾಲು ಉಸಿರಾಗಿಯೂ ಹಿಕ್ಕೆಯಾಗಿಯೂ ಹೊರಬೀಳುವುದು. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಹಗಲೆಲ್ಲಾ ಹಿತ್ತಲಲ್ಲಿ ತಿರುಗುವ ಕೋಳಿಯಾದರೂ ರಾತ್ರಿಯ ಪಾಲನ್ನು ಗೂಡಿನಲ್ಲಿಯೇ ಬಿಡುವುದು.

ಬಿಸಿಗಾಳಿಯು ಹೆಚ್ಚು ನೀರಾವಿಯನ್ನು ಹೊರಬಲ್ಲದು, ತಣ್ಣನೆಯ ಗಾಳಿಯು ಹೊರಲಾರದು. 30 ಡಿಗ್ರಿ ಶಾಖದಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 30 ಗ್ರಾಂ ನೀರಾವಿಯನ್ನು ಹೊತ್ತರೆ, 15 ಡಿಗ್ರಿಯಲ್ಲಿ ಹೊರುವುದು ಸುಮಾರು 13 ಗ್ರಾಂ ಮಾತ್ರ. ಬೆಳಗಿನ ಜಾವ ಮಾಡು ತಣ್ಣಗಾದಾಗ ಹೆಚ್ಚಾದ ಆವಿಯು ಹನಿಯಾಗಿ ಕೆಳಕ್ಕೆ ತೊಟ್ಟಿಕ್ಕುವುದು. ತಗಡಿನ ಮಾಡಿನಲ್ಲಿ ಇದು ಅತಿಶಯ. ಸೋಗೆ ಹುಲ್ಲುಗಳ ಮಾಡಿನಲ್ಲಿ ಕಡಮೆ. ತಗಡು ಹಾಕಿಸಿದವರು ಅದರ ಕೆಳಗೆ ಒಂದು ಬಿದಿರುತಟ್ಟಿಯನ್ನಾದರೂ ಕಟ್ಟಿಸತಕ್ಕದ್ದು.

ಒದ್ದೆಯಾದ ಹಿಕ್ಕೆಯಿಂದ ಅಮೋನಿಯವೆಂಬ ಘಾಟಿನ ಅನಿಲವು ಏಳುವುದು. ಕೋಳಿಯ ಉಸಿರು ಶ್ವಾಸಕೋಶದಲ್ಲಿಯೇ ನಿಲ್ಲದೆ ಒಂಬತ್ತು ಗಾಳಿಚೀಲಗಳ ಮೂಲಕ ದೇಹದ ಒಳಭಾಗಗಳಿಗೆಲ್ಲಾ ಹೋಗುವುದರಿಂದ ಕೆಟ್ಟ ಗಾಳಿಯ ಹಾನಿಯೂ ಆಳಕ್ಕೆ ಇಳಿಯುವುದು. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗದಷ್ಟು ಅಮೋನಿಯವು ಸೇರಿದರೂ ಕಣ್ಣಿಗೂ ಉಸಿರಿನ ನಾಳಕ್ಕೂ ಕೇಡು. ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಮುಂಜಾನೆ ಬಾಗಿಲು ತೆರೆದೊಡನೆ ಕುಕ್ಕುರುಗಾಲಿನಲ್ಲಿ ಕುಳಿತು ಮೂಸಿ ನೋಡಬೇಕು. ನಿಂತವನ ಮೂಗಿಗೆ ತಿಳಿಯದ ಘಾಟು ನೆಲದಿಂದ ಒಂದಡಿ ಎತ್ತರದಲ್ಲಿರುವ ಕೋಳಿಯ ಮೂಗಿಗೆ ತಿಳಿಯುವುದು. ತಡಮಾಡಿದರೆ ಮನುಷ್ಯನ ಮೂಗು ವಾಸನೆಗೆ ಒಗ್ಗಿಹೋಗುವುದಾದ್ದರಿಂದ ಮೊದಲನೆಯ ಉಸಿರನ್ನೇ ನಂಬತಕ್ಕದ್ದು.

"ಹೊರಗೆ ಮಂಜು ಕವಿದಿದೆ, ಆ ಒದ್ದೆಗಾಳಿಯನ್ನು ಒಳಕ್ಕೆ ಬಿಡುವುದೇಕೆ?" ಎಂದು ರೈತರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಹೊರಗಿನ ತಣ್ಣನೆಯ ಗಾಳಿಯು ಕೋಳಿಗಳ ಮೈಶಾಖದಿಂದ ಬೆಚ್ಚಗಾದ ಗೂಡನ್ನು ಹೊಕ್ಕಾಗ ತಾನೂ ಸ್ವಲ್ಪ ಬೆಚ್ಚಗಾಗಿ, ಇನ್ನಷ್ಟು ಆವಿಯನ್ನು ಹೊರಲು ಶಕ್ತವಾಗುವುದು. ಹಾಗೆ ಹೊತ್ತು ಮೇಲಿನ ಕಿಂಡಿಯಿಂದ ಹೊರಟುಹೋಗುವುದು. ಮಂಜಿನ ದಿನದಲ್ಲಿ ಈ ಲಾಭವು ಕಡಮೆಯೇ, ಇಲ್ಲವೆನ್ನುವಂತಿಲ್ಲ. ಬಿಸಿಲೇರಿದ ಮೇಲೆ ಬಾಗಿಲು ತಟ್ಟಿಗಳೆಲ್ಲವನ್ನೂ ತೆರೆದು ಆ ಕೊರತೆಯನ್ನು ತುಂಬಿಕೊಳ್ಳಬಹುದು.

ಕಿಂಡಿಯು ಇರಬೇಕಾದ ಸ್ಥಳವು ಸೂರಿನ ಕೆಳಗೆ, ಉದ್ದಗೋಡೆಗಳೆರಡರಲ್ಲಿಯೂ, ಸುಮಾರು 6 ಅಂಗುಲ ಅಗಲವಾಗಿ. ಕೋಳಿಗಳು ಕೂರುವ ಅಡ್ಡಗೋಲುಗಳು ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ನೆಲದಿಂದ ಎರಡಡಿ ಎತ್ತರವು ಸಾಕು. ಕೂತ ಕೋಳಿಯ ಮೈಮೇಲೆ ಗಾಳಿಯು ನೇರವಾಗಿ ಬೀಸಕೂಡದು. ಗೋಣಿಯನ್ನು ಕಟ್ಟಲೇಬೇಕೆನ್ನುವವರು ಕಟ್ಟಲಿ. ಆದರೆ ಸೂರಿನಿಂದ ಇಳಿಬಿಡದೆ, ಕೆಳಗಿನಿಂದ ಮೇಲಕ್ಕೆ ಬಿಗಿದು, ತುದಿಯಲ್ಲಿ ಆ 6 ಅಂಗುಲವನ್ನು ತೆರವಾಗಿ ಬಿಡತಕ್ಕದ್ದು. ಸಂಜೆ ಅಡ್ಡಗೋಲಿನ ಮಟ್ಟದಲ್ಲಿ ಒಂದು ಊದುಬತ್ತಿಯನ್ನು ಹಿಡಿದು ನೋಡಿದರೆ ಎಲ್ಲವೂ ತಿಳಿಯುವುದು. ಹೊಗೆಯು ನೆಟ್ಟಗೆ ಏರಿ ಸೂರಿನಿಂದ ಹೋದರೆ ಸರಿ; ಅಡ್ಡಕ್ಕೆ ಹಾರಿದರೆ ಕೆಳಗಿನ ಸಂದಿಯನ್ನು ಮುಚ್ಚಬೇಕು; ಮಾಡಿನ ಕೆಳಗೆ ಸುತ್ತುತ್ತಾ ನಿಂತರೆ ಮೇಲಿನದು ಸಾಲದು.

ಜನರು ಕಿಂಡಿ ಮುಚ್ಚುವುದಕ್ಕೆ ಚಳಿಯೊಂದೇ ಕಾರಣವಲ್ಲ. ಮುಂಗುಸಿ, ಕಾಡುಬೆಕ್ಕು, ಹಾವುಗಳ ಭಯವೂ ಉಂಟು. ಇದು ಸುಳ್ಳು ಭಯವಲ್ಲ. ಅರ್ಧ ಅಂಗುಲ ಕಣ್ಣಿನ ತಂತಿಬಲೆಯನ್ನು ಹೊಡೆಸದೆ ಕಿಂಡಿ ತೆರೆಯಿರೆಂದು ಹೇಳುವುದು ಕೋಳಿಯನ್ನು ಕಾಡುಬೆಕ್ಕಿಗೆ ಒಪ್ಪಿಸಿದಂತೆ.

ನೆಲಕ್ಕೆ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ ಅಥವಾ ಗರಗಸದ ಹೊಟ್ಟನ್ನು 3 ಅಂಗುಲ ಹರಡಿ, ಎರಡು ದಿನಕ್ಕೊಮ್ಮೆ ಕೆದಕುವುದು. ಒಂದು ಹಿಡಿ ತೆಗೆದು ಹಿಸುಕಿದಾಗ ಉಂಡೆಯಾಗಿ ನಿಂತರೆ ಒದ್ದೆ ಮಿತಿಮೀರಿದೆ. ಧೂಳಾಗಿ ಹಾರಿದರೆ ಒಣಗು ಅತಿಯಾಗಿದೆ. ಬೂಷ್ಟು ಹಿಡಿದುದನ್ನು ಎಂದಿಗೂ ಹಾಕಕೂಡದು. ಒದ್ದೆ ಹಿಕ್ಕೆಯ ಮೇಲೆ ಬೂದಿಯನ್ನೋ ಸುಣ್ಣವನ್ನೋ ಎರಚುವ ವಾಡಿಕೆಯಿಂದ ಘಾಟು ಕಡಮೆಯಾಗುವ ಬದಲು ಹೆಚ್ಚುವುದು. ಅವೆರಡೂ ಅಮೋನಿಯವನ್ನು ಬಿಡಿಸತಕ್ಕ ಗುಣವುಳ್ಳವು. ಒದ್ದೆಯನ್ನು ಮೊದಲು ತೆಗೆದುಹಾಕಬೇಕು. ಬೂದಿಯು ಕೋಳಿಗಳು ಹೊರಳಾಡುವ ತೊಟ್ಟಿಗೆ ಯೋಗ್ಯವಾದುದು, ಹೇನು ಕಡಮೆಯಾಗುವುದು.

ಚಳಿಗಾಲದಲ್ಲಿ ಮೊಟ್ಟೆ ಇಳಿದುದೆಲ್ಲಕ್ಕೂ ತೇವವನ್ನು ದೂರುವುದು ತಪ್ಪು. ಡಿಸೆಂಬರಿನಲ್ಲಿ ಇಲ್ಲಿನ ಹಗಲು 11 ಗಂಟೆ 20 ನಿಮಿಷಗಳಷ್ಟಕ್ಕೆ ಇಳಿಯುವುದು; ಹಗಲು ಕುಗ್ಗಿದರೆ ಮೊಟ್ಟೆಯೂ ಕುಗ್ಗುವುದು. ಕೊಕ್ಕರೆ ರೋಗಕ್ಕಂತೂ ಕಿಂಡಿಯು ಮದ್ದಲ್ಲ. ಪಶುವೈದ್ಯರಿಂದ ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ದಾರಿ. ಗರಿ ತುಂಬದ ಮರಿಗಳ ವಿಚಾರವೂ ಬೇರೆ. ಅವಕ್ಕೆ ತಾಯಿಯ ರೆಕ್ಕೆಯೋ ಬೇರೆ ಕಾವೋ ಬೇಕೇ ಬೇಕು.

ಗೂಡಿನಿಂದ ತೆಗೆದ ಹೊಟ್ಟನ್ನು ಹಸಿಯಾಗಿಯೇ ಅಡಕೆ ಬಾಳೆಗಳ ಬುಡಕ್ಕೆ ಸುರಿದರೆ ಬೇರು ಸುಡುವುದು. ತಿಪ್ಪೆಗುಂಡಿಗೆ ಹಾಕಿ, ಕಸಕಡ್ಡಿಯೊಡನೆ ಚೆನ್ನಾಗಿ ಕೊಳೆತ ಮೇಲೆ ತೋಟಕ್ಕೆ ಸಾಗಿಸತಕ್ಕದ್ದು.