ಬಾಗಿಲಿಗೆ ಬಾರದ ವಿದ್ಯಾರ್ಥಿಯೊಡನೆ

ವಿಶ್ವವಿದ್ಯಾನಿಲಯವೊಂದು ತನ್ನ ಬಾಗಿಲಿಗೆ ಇನ್ನೂ ಬಾರದ ವಿದ್ಯಾರ್ಥಿಯನ್ನು ಹೇಗೆ ಕರೆಯಬೇಕು? ಮುದ್ರಿತ ಕೈಪಿಡಿಗಳಲ್ಲಿ ಹಸಿರು ಹುಲ್ಲು, ಗಡಿಯಾರದ ಗೋಪುರ, ನಗುಮೊಗದ ತರುಣ ತರುಣಿಯರು ತಪ್ಪದೆ ಇರುತ್ತಾರೆ. ಪಾಠ ಹೇಗೆ ನಡೆಯುತ್ತದೆಂಬುದು ಮಾತ್ರ ಆ ಚಿತ್ರಗಳಿಗೆ ಸಿಕ್ಕುವುದಿಲ್ಲ.

ಪಾಡ್‌ಕಾಸ್ಟ್ ಎಂಬ ಮಾತು 2004ರಲ್ಲಿ ಬಳಕೆಗೆ ಬಂದಿತು. ಬಾನುಲಿ ಭಾಷಣದ ಜಾತಿಯದೇ ಅದು; ಆದರೆ ಬೇಕೆಂದಾಗ ಕೇಳಬಹುದು, ತಿಳಿಯದಿದ್ದರೆ ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ವಿದ್ಯಾಲಯದ ದನಿ ಗೋಡೆ ದಾಟುವುದು ನಮಗೇನೂ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದರು.

2008ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಆಪಲ್ ಸಂಸ್ಥೆಯ ಐಟ್ಯೂನ್ಸ್ ಯು ಮೂಲಕ ತನ್ನ ಉಪನ್ಯಾಸಗಳನ್ನು ಉಚಿತವಾಗಿ ತೆರೆದಿಟ್ಟಿತು. ಐಟ್ಯೂನ್ಸ್ ಯು 2021ರ ಕೊನೆಗೆ ಮುಚ್ಚಿಹೋಯಿತಾದರೂ ಆಕ್ಸ್‌ಫರ್ಡಿನ ಧ್ವನಿಭಂಡಾರ ಅದರದೇ ತಾಣದಲ್ಲಿ ಉಳಿದಿದೆ. ಅಲ್ಲಿ ಮೇರಿಯಾನ್ ಟಾಲ್ಬಟ್ ಎಂಬ ಬೋಧಕಿ ವಯಸ್ಕರ ಶಿಕ್ಷಣ ವಿಭಾಗದಲ್ಲಿ ನೀಡಿದ ತತ್ತ್ವಶಾಸ್ತ್ರದ ಪಾಠಗಳನ್ನು ಜನ ಲಕ್ಷಾಂತರ ಸಲ ಪಡೆದು ಕೇಳಿದರು. ಕೇಳುವವರು ಎದುರಿಗೆ ಕುಳಿತಿದ್ದಾರೆ, ಅವರಿಗೆ ಅರ್ಥವಾಗಬೇಕು ಎಂಬ ಕಳಕಳಿ ಆ ದನಿಯಲ್ಲಿದೆ. ಪ್ರಚಾರಕ್ಕೆಂದು ಆಡದ ಮಾತೇ ಎಲ್ಲಕ್ಕಿಂತ ಬಲವಾದ ಆಹ್ವಾನವಾಯಿತೆಂದು ನನಗನಿಸುತ್ತದೆ.

ಆದರೆ ಕಾಲ ಬದಲಾಗಿದೆ. ಇಂಗ್ಲೆಂಡಿನಲ್ಲಿ 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಇದ್ದ ಶುಲ್ಕದ ಮಿತಿ 2012ರಲ್ಲಿ 9,000 ಪೌಂಡಿಗೆ ಏರಿತು. ಹದಿನೆಂಟರ ಹುಡುಗ ಹುಡುಗಿಯರು ಸಾಲ ಹೊತ್ತು ಓದಬೇಕಾಯಿತು; ಅವರನ್ನು ಸೆಳೆಯಲು ಪೈಪೋಟಿಯೂ ಬೆಳೆಯಿತು. ತಾವು ಇಂತಿಷ್ಟನೆಯ ಶ್ರೇಣಿಯವರೆಂದು ಸಾರಿಕೊಂಡ ಬ್ರಿಟನ್ನಿನ ಆರು ವಿಶ್ವವಿದ್ಯಾನಿಲಯಗಳ ಜಾಹೀರಾತುಗಳನ್ನು ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ 2017ರಲ್ಲಿ ಆಕ್ಷೇಪಿಸಿತು. ಸಾಲದ ಮೇಲೆ ಸಹಿ ಹಾಕುವವನಿಗೆ ಇಂಥ ಉತ್ಪ್ರೇಕ್ಷೆ ಸಣ್ಣ ವಿಷಯವಲ್ಲ.

ಪ್ರಚಾರ ವಿಭಾಗ ಬರೆದುಕೊಟ್ಟ ಪ್ರಶ್ನೆ, ಆಯ್ದ ವಿದ್ಯಾರ್ಥಿಯ ಒಪ್ಪಿಸಿದ ಉತ್ತರ, ಹಿನ್ನೆಲೆಯಲ್ಲಿ ಗಿಟಾರು: ಇಷ್ಟಾದರೆ ಪಾಡ್‌ಕಾಸ್ಟೂ ಮತ್ತೊಂದು ಕೈಪಿಡಿಯೇ. (ಬಾನುಲಿಯಲ್ಲಿ ಮಾತನಾಡುವವನು ಕಿವಿಯನ್ನು ಹೊಗಳುವುದು ಸಹಜ, ಕಿವಿಯೂ ಮೋಸಹೋಗುತ್ತದೆ.) ಮೊದಲ ಚಳಿಗಾಲದಲ್ಲಿ ಓದು ಬಿಟ್ಟು ಊರಿಗೆ ಮರಳಬೇಕೆನಿಸಿದುದನ್ನೂ, ಬಾಡಿಗೆಯ ಕೋಣೆಗಾಗಿ ಅಲೆದುದನ್ನೂ ವಿದ್ಯಾರ್ಥಿಯೊಬ್ಬಳು ಮುಚ್ಚುಮರೆಯಿಲ್ಲದೆ ಹೇಳಲಿ. ಹೇಳಬಿಡುವ ಧೈರ್ಯ ಆಡಳಿತಕ್ಕೆ ಬೇಕು. ಕಿವಿ ಕೇಳದವರಿಗಾಗಿ ಆ ಮಾತುಗಳ ಬರಹರೂಪವೂ ಜೊತೆಗಿರಲಿ.

ಇನ್ನು ಆಯ್ಕೆಯ ಹೊಸ್ತಿಲಲ್ಲಿರುವ ತರುಣರು ಒಂದು ಕೆಲಸ ಮಾಡಬಹುದು. ತಾವು ಓದಬಯಸುವ ವಿಷಯದ ಪಾಠಗಳನ್ನೇ ಎರಡು ಮೂರು ವಿಶ್ವವಿದ್ಯಾನಿಲಯಗಳಿಂದ ಆರಿಸಿ ಪೂರ್ತಿಯಾಗಿ ಕೇಳಲಿ. ನಡುವೆ ಯಾರೋ ಅರ್ಥವಾಗಲಿಲ್ಲವೆಂದು ಕೈಯೆತ್ತಿದಾಗ ಉಪಾಧ್ಯಾಯರ ದನಿ ಹೇಗಾಗುತ್ತದೆಂಬುದನ್ನು ಗಮನಿಸಲಿ.